ನಾಲ್ಕೂವರೆ ಮನೆಯ ಗಿಟಾರು

ಹೋದ ತಿಂಗಳು ಬ್ಯಾಂಕಿನವರು ಬೆರಳಚ್ಚು ಕೊಡಿ ಎಂದು ಕರೆಸಿದ್ದರು. ಹಳೆಯ ಖಾತೆಗೆ ಹೊಸ ಗುರುತು ಹಚ್ಚುವ ಏನೋ ಕೆಲಸ. ಕೌಂಟರಿನಲ್ಲಿದ್ದ ಹುಡುಗಿ ಸೋಪಿನ ಡಬ್ಬಿಯಷ್ಟು ದೊಡ್ಡ ಯಂತ್ರವೊಂದನ್ನು ನನ್ನ ಕಡೆ ತಳ್ಳಿ ಬೆರಳಿಡಲು ಹೇಳಿದಳು. ಬಲಗೈ ಇಟ್ಟೆ, ಹಸಿರು ದೀಪ ಹತ್ತಿತು. ಎಡಗೈ ಇಟ್ಟೆ; ಕೆಂಪು. ಸೆರಗಿಗೆ ಒರೆಸಿಕೊಂಡು ಇಟ್ಟೆ; ಮತ್ತೆ ಕೆಂಪು. ಕೊನೆಗೆ ಆಕೆಯೇ ನನ್ನ ಒಂದೊಂದು ಬೆರಳನ್ನೂ ಹಿಡಿದು ಗಾಜಿಗೆ ಒತ್ತಿ ನೋಡಿದಳು. ಹೆಬ್ಬೆರಳೊಂದನ್ನು ಬಿಟ್ಟು ಉಳಿದ ನಾಲ್ಕೂ ನನ್ನವಲ್ಲ ಎಂದು ಯಂತ್ರ ಹಟ ಹಿಡಿಯಿತು.

"ಪಾತ್ರೆ ತಿಕ್ಕಿ ತಿಕ್ಕಿ ಸವೆದಿರತ್ತೆ ಆಂಟಿ, ನಮ್ಮಮ್ಮಂದೂ ಹಿಂಗೇ ಆಗಿದೆ" ಎಂದು ಆಕೆ ಸಮಾಧಾನ ಹೇಳಿದಳು. ಎಡಗೈಯಲ್ಲಿ ಪಾತ್ರೆ ತಿಕ್ಕುವವರು ಯಾರಿದ್ದಾರೆ ಎಂಬುದು ಪಾಪ ಅವಳಿಗೆ ಹೊಳೆಯಲಿಲ್ಲ. ನನ್ನ ಪಕ್ಕದಲ್ಲಿ ಕೂತಿದ್ದ ನಮ್ಮ ಯಜಮಾನರು ಮಾತ್ರ ಸುಮ್ಮನಿರದೆ, ಇವಳು ಪಾತ್ರೆ ತಿಕ್ಕಿ ಯಾವ ಕಾಲವಾಯಿತು ಎಂಬರ್ಥದ ಕೆಮ್ಮೊಂದನ್ನು ಕೆಮ್ಮಿದರು. ನಾನು ನಿಜ ಹೇಳಲಿಲ್ಲ. ಐವತ್ತಾರು ವರ್ಷದ ಹೆಂಗಸು, ಒಂಬತ್ತು ಗಜವಲ್ಲದಿದ್ದರೂ ಆರು ಗಜದ ಸೀರೆ ಉಟ್ಟು, ಕುಂಕುಮ ಇಟ್ಟು, ಬ್ಯಾಂಕಿನಲ್ಲಿ ಕೂತು 'ಗಿಟಾರು ನುಡಿಸಿ ಹೀಗಾಯಿತಮ್ಮ' ಎಂದರೆ ಆ ಹುಡುಗಿ ಮ್ಯಾನೇಜರನ್ನು ಕರೆಯುತ್ತಿದ್ದಳೋ ಏನೋ.

ಆದರೆ ನಿಜ ಅದೇ. ಗಿಟಾರಿನ ಉಕ್ಕಿನ ತಂತಿ ಒತ್ತಿ ಒತ್ತಿ ನನ್ನ ಎಡಗೈಯ ಬೆರಳ ತುದಿಗಳು ಜಡ್ಡುಗಟ್ಟಿವೆ. ಈಗ ಆ ಕೈಯಲ್ಲಿ ಕಾದ ಹೆಂಚಿನಿಂದ ಚಪಾತಿಯನ್ನು ಸೀದಾ ಎತ್ತಿ ತಟ್ಟೆಗೆ ಹಾಕಬಲ್ಲೆ. ಸಂಗೀತದಿಂದ ನನಗಾದ ಮೊದಲ ಲಾಭ ಅದು. ಎರಡನೆಯದನ್ನು ಹೇಳಬೇಕಾದರೆ ಬೆರಳನ್ನು ಪಕ್ಕಕ್ಕಿಟ್ಟು ಮೊದಲು ಬಾಯಿಯ ಕತೆ ಹೇಳಬೇಕು.

ನಾನು ಹುಟ್ಟಿ ಬೆಳೆದದ್ದು ಬಸವನಗುಡಿಯ ಒಂದು ವಠಾರದಲ್ಲಿ. ನಮ್ಮ ದೊಡ್ಡಮ್ಮ ಅಲ್ಲೇ ಪಕ್ಕದ ಮನೆಯಲ್ಲಿದ್ದುಕೊಂಡು ಹೆಣ್ಣುಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದರು. ನವರಾತ್ರಿ ಬಂತೆಂದರೆ ನಮ್ಮ ಬೀದಿಯಲ್ಲಿ ಒಂದು ಕಟ್ಟಳೆ: ಗೊಂಬೆ ನೋಡಲು ಹೋದ ಹುಡುಗಿಯರು ಒಂದು ಹಾಡು ಹೇಳಲೇಬೇಕು, ಹೇಳಿದ ಮೇಲೆಯೇ ಗೊಂಬೆ ಬಾಗಿನ. ಬಾಗಿನ ಎಂದರೆ ಒಂದು ಹಿಡಿ ಕಡಲೆಕಾಳು ಉಸಲಿಯೋ, ಎರಡು ಚೂರು ಕೊಬ್ಬರಿ ಮಿಠಾಯಿಯೋ. ನಾವು ಆರು ಜನ ಹುಡುಗಿಯರು ದೊಡ್ಡಮ್ಮನ ಹಿಂದೆ ಮನೆಮನೆ ತಿರುಗುತ್ತಿದ್ದೆವು. ಆರು ಜನರಲ್ಲಿ ಗಟ್ಟಿಯಾಗಿ ಹಾಡುತ್ತಿದ್ದವಳು ನಾನೇ. ಉಸಲಿಯ ಮೇಲಿನ ಪ್ರೀತಿಯೂ ಅದಕ್ಕೆ ಕಾರಣವಿದ್ದೀತು.

ನನಗೆ ಹನ್ನೊಂದು ವರ್ಷವಿದ್ದಾಗ, ಮೂರನೆಯ ಮನೆಯೋ ನಾಲ್ಕನೆಯ ಮನೆಯೋ, ಗೊಂಬೆ ಮೆಟ್ಟಿಲ ಮುಂದೆ ಸಾಲಾಗಿ ಕೂತಿದ್ದೆವು. ದೊಡ್ಡಮ್ಮ ಬಗ್ಗಿ ನನ್ನ ಕಿವಿಯಲ್ಲಿ ಹೇಳಿದರು. "ನೀನು ಬಾಯಿ ಆಡಿಸಿದ್ರೆ ಸಾಕು ಕಣೆ. ಸದ್ದು ಬೇಡ." ಸಿಟ್ಟಿನಿಂದ ಹೇಳಿದ್ದಲ್ಲ. ಕೆನ್ನೆಗೆ ಮಸಿ ಹತ್ತಿದೆ, ಒರೆಸಿಕೋ ಎನ್ನುವಷ್ಟೇ ಸಲೀಸಾಗಿ ಹೇಳಿದ್ದು. ನಾನು ಹೇಳಿದಂತೆ ಮಾಡಿದೆ. ಸದ್ದಿನ ಜವಾಬ್ದಾರಿ ಇಲ್ಲದ್ದರಿಂದ ಕಣ್ಣು, ಹುಬ್ಬು, ಕೈ ಎಲ್ಲಕ್ಕೂ ಬಿಡುವು ಸಿಕ್ಕಿ, ಅವತ್ತು ನಾನು ಎಷ್ಟು ಚೆನ್ನಾಗಿ ಬಾಯಿ ಆಡಿಸಿದೆನೆಂದರೆ ಆ ಮನೆಯಾಕೆ 'ಈ ಮಗು ನೋಡಿ, ಎಷ್ಟು ಭಾವ ತುಂಬಿ ಹಾಡ್ತಾಳೆ' ಎಂದು ನನಗೆ ಎರಡು ಹಿಡಿ ಉಸಲಿ ಕೊಟ್ಟರು.

ಅಲ್ಲಿಂದ ಮುಂದೆ ನಾನು ಎಲ್ಲೂ ಸದ್ದು ಮಾಡಲಿಲ್ಲ. ಶಾಲೆಯ ಪ್ರಾರ್ಥನೆಗೆ ಬಾಯಿ ಆಡಿಸಿದೆ, ನಾಡಗೀತೆಗೆ ಬಾಯಿ ಆಡಿಸಿದೆ, ಹಸೆಗೆ ಕೂರಿಸುವಾಗ ಆರತಿಗೆ, ಮಕ್ಕಳ ಹುಟ್ಟುಹಬ್ಬದ ಕೇಕಿಗೆ, ಎಲ್ಲಕ್ಕೂ ಬಾಯಿ. ನೋವಾಗಲಿಲ್ಲ, ದೊಡ್ಡಮ್ಮ ಒಳ್ಳೆಯದಕ್ಕೇ ಹೇಳಿದ್ದು ಎಂದು ಕೇಳಿದವರಿಗೆಲ್ಲ ಹೇಳುತ್ತಾ ಬಂದಿದ್ದೇನೆ. ನೋವಾಗಿತ್ತು. ನನಗೆ ಹಾಡೆಂದರೆ ತುಂಬ ಇಷ್ಟವಿತ್ತು, ಹಾಗಾಗಿ ತುಂಬ ನೋವಾಗಿತ್ತು.

ಆಮೇಲೆ ನೋಡಿ, ದೇವರ ತಮಾಷೆ. ನನ್ನನ್ನು ಸೊಸೆ ಮಾಡಿಕೊಂಡವರು ಜಯನಗರದ ಸಂಗೀತದ ಮನೆಯವರು. ಹೆಣ್ಣು ನೋಡಲು ಬಂದ ದಿನ ಹಾಡು ಬರುತ್ತದೆಯೇ ಎಂದು ಯಾರೋ ಕೇಳಿದರು. ಬರುವುದಿಲ್ಲ ಎಂದೆ. ನಮ್ಮಮ್ಮನ ಮುಖ ಸಣ್ಣಗಾಯಿತು. ಆಗ ನಮ್ಮತ್ತೆಯಾಗುವವರು ನಗುತ್ತಾ, "ಪರವಾಗಿಲ್ಲ ಬಿಡಿ, ನಮ್ಮನೇಲಿ ಹಾಡೋರು ಜಾಸ್ತಿ, ಕೇಳೋರೇ ಕಮ್ಮಿ" ಎಂದರು. ಆ ಮಾತಿನಿಂದ ನನ್ನ ಮದುವೆಯೂ ಆಯಿತು, ಮುಂದಿನ ಮೂವತ್ತೊಂದು ವರ್ಷದ ನನ್ನ ಕೆಲಸವೂ ಗೊತ್ತಾಯಿತು. ನಾನು ಕೇಳುವವಳು.

ಅತ್ತೆ ಬೆಳಿಗ್ಗೆ ಆರಕ್ಕೇ ಪಾಠ ಶುರು ಮಾಡುತ್ತಿದ್ದರು. ಅವರ ಪಾಠದಲ್ಲಿ ಹೊಗಳಿಕೆ, ಬೈಗುಳ ಎರಡೂ ಇರಲಿಲ್ಲ, ಎರಡೇ ಮಾತು. ಶಿಷ್ಯೆ ಒಂದು ಸಾಲು ಹಾಡಿ ನಿಲ್ಲಿಸಿದರೆ 'ಇನ್ನೊಂದ್ಸಲ' ಎನ್ನುವರು, ಇಲ್ಲವೇ 'ಸಾಕು' ಎನ್ನುವರು. ಇನ್ನೊಂದ್ಸಲ ಎಂದರೆ ನಿನ್ನಿಂದ ಆಗುತ್ತದೆ ಎಂದರ್ಥ. ಸಾಕು ಎಂದರೆ ಚಪ್ಪಲಿ ಹಾಕಿಕೊಂಡು ಮನೆಗೆ ಹೋಗಬಹುದು. ಅಡಿಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಾ ನಾನು ಈ ಎರಡು ಮಾತುಗಳಿಗೆ ಕಿವಿಗೊಟ್ಟಿರುತ್ತಿದ್ದೆ. ಬರಬರುತ್ತಾ ಅತ್ತೆ ಯಾವುದನ್ನು ಹೇಳುತ್ತಾರೆಂದು ಮೊದಲೇ ಊಹಿಸುತ್ತಿದ್ದೆ, ಅದು ಹೆಚ್ಚು ಕಡಿಮೆ ಸರಿಯಾಗುತ್ತಿತ್ತು. ಅದರಿಂದ ನನಗೆ ಏನಾದರೂ ಬರುತ್ತದೆ ಎಂದು ಮಾತ್ರ ಒಂದು ದಿನವೂ ಅನ್ನಿಸಲಿಲ್ಲ.

ಶ್ರುತಿಯ ವಿಚಾರವನ್ನು ಒಂದಿಷ್ಟು ಹೇಳಬೇಕು. ಹಾರ್ಮೋನಿಯಂನ ಬಿಳಿ ಮನೆಗಳನ್ನು ಎಣಿಸಿ ಹಾಡುವವರು ತಮ್ಮ ಷಡ್ಜ ಯಾವ ಮನೆಯಲ್ಲಿ ಕೂರುತ್ತದೆ ಎಂದು ಹೇಳುತ್ತಾರೆ; ನಡುವಿನ ಕರಿ ಮನೆ ಅರ್ಧದ ಲೆಕ್ಕ. ನಮ್ಮತ್ತೆಯದು ಐದು ಮನೆ. ಹೆಂಗಸರಿಗೆ ಅದು ಒಳ್ಳೆಯ ಎತ್ತರ. ವಯಸ್ಸಾದಂತೆ ಎಲ್ಲರೂ ಅರ್ಧ ಮನೆ, ಒಂದು ಮನೆ ಇಳಿಸುತ್ತಾರೆ. ಅತ್ತೆ ಅದನ್ನು ಒಪ್ಪುತ್ತಿರಲಿಲ್ಲ. ಓರಗೆಯವರು ಯಾರಾದರೂ ಶ್ರುತಿ ಇಳಿಸಿದರೆಂದು ತಿಳಿದರೆ, ಯಾರೋ ಆಸ್ತಿ ಮಾರಿದರು ಎಂಬ ಧಾಟಿಯಲ್ಲಿ ಅದನ್ನು ಮನೆಯಲ್ಲಿ ಹೇಳುತ್ತಿದ್ದರು. ಅವರ ಕರೆಂಟಿನ ಶ್ರುತಿ ಪೆಟ್ಟಿಗೆ ಹಳೆಯ ಕಾಲದ್ದು, ಪಕ್ಕದಲ್ಲೊಂದು ತಿರುಪು. ತಿರುಪಿನ ಸುತ್ತ ಬರೆದಿದ್ದ ಅಂಕಿಗಳೆಲ್ಲ ಅಳಿಸಿಹೋಗಿ ಯಾವುದೋ ಕಾಲವಾಗಿದೆ. ಎರಡು ವರ್ಷದ ಹಿಂದೆ, ಎಂಬತ್ತೊಂದಕ್ಕೆ, ಗಂಟಲು ಕೈಕೊಟ್ಟು ಪಾಠ ನಿಲ್ಲಿಸಿದರು. ಆದರೂ ಸ್ನಾನ ಪೂಜೆ ಮುಗಿಸಿ, ಕೋಣೆಯ ಬಾಗಿಲು ಅರ್ಧ ಮುಚ್ಚಿ, ಪೆಟ್ಟಿಗೆ ಹಾಕಿಕೊಂಡು ಮೆಲ್ಲಗೆ ತಮ್ಮಷ್ಟಕ್ಕೆ ಹಾಡಿಕೊಳ್ಳುವುದು ಬಿಟ್ಟಿಲ್ಲ.

ಇಂಥ ಮನೆಗೆ ಗಿಟಾರು ಬಂದದ್ದು ಬಾಡಿಗೆಯವರಿಂದ. ಮಹಡಿ ಮನೆ ಖಾಲಿ ಮಾಡಿದ ಹುಡುಗಿ ಒಂದು ಒಣಗಿದ ಮನಿಪ್ಲಾಂಟು, ಒಂದು ಹರಿದ ಬೀನ್ ಬ್ಯಾಗು, ಒಂದು ಗಿಟಾರು ಬಿಟ್ಟು, ಕ್ಯಾಬಿನಲ್ಲಿ ಜಾಗವಿಲ್ಲ ಆಂಟಿ, ನೀವೇ ಇಟ್ಕೊಳಿ ಎಂದು ಹೊರಟುಬಿಟ್ಟಳು. ಮನಿಪ್ಲಾಂಟು ಬದುಕಿತು. ಬೀನ್ ಬ್ಯಾಗನ್ನು ಕಸದವರೂ ಒಯ್ಯಲಿಲ್ಲ. ಗಿಟಾರು ಆರು ತಿಂಗಳು ಚಾಪೆ ಸುರುಳಿಗಳ ಪಕ್ಕದಲ್ಲಿ ನಿಂತಿತ್ತು. ಒಂದು ದಿನ ದೂಳು ಒರೆಸುವಾಗ ಬಟ್ಟೆ ತಂತಿಗೆ ಸಿಕ್ಕಿ ಝಂಯ್ ಎಂದಿತು. ನಾನು ಸುತ್ತ ನೋಡಿದೆ, ಯಾರೂ ಇರಲಿಲ್ಲ. ಮತ್ತೊಮ್ಮೆ ಒರೆಸಿದೆ. ಆ ದಿನ ಆ ಗಿಟಾರನ್ನು ಒಂದು ಗಂಟೆ ಒರೆಸಿದ್ದೇನೆ.

ಬಾಯಿಯಲ್ಲಿ ಬಾರದ್ದು ಕೈಯಲ್ಲಿ ಬರಬಹುದೇ ಎಂಬ ಆಸೆ ಹುಟ್ಟಿದ್ದು ಅವತ್ತು. ವೀಣೆ ಪಿಟೀಲುಗಳ ತಂಟೆ ಬೇಡ. ನಮ್ಮ ಮನೆಯಲ್ಲಿ ಅವುಗಳ ತಪ್ಪು ಹಿಡಿಯಲು ನಾಲ್ಕು ಜನರಿದ್ದಾರೆ. ಗಿಟಾರಿನ ತಪ್ಪು ಯಾರಿಗೂ ತಿಳಿಯದು. ಸಾರಕ್ಕಿ ಸಿಗ್ನಲಿನ ಹತ್ತಿರ ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಗಿಟಾರ್ ಕ್ಲಾಸಿನ ಬೋರ್ಡು ನೋಡಿದ್ದೆ. ತರಕಾರಿ ತರುವ ನೆಪದಲ್ಲಿ ಹೋಗಿ ವಿಚಾರಿಸಿ ಬಂದೆ. ಯಜಮಾನರಿಗೆ ಹೇಳಿದಾಗ, ಅರವತ್ತಕ್ಕೆ ಅರಳುಮರಳು ಅಂತಾರೆ, ನಿನಗೆ ನಾಲ್ಕು ವರ್ಷ ಮುಂಚೆಯೇ ಬಂತಲ್ಲ ಎಂದರು. ಅತ್ತೆಗೆ ಹೇಳಿದಾಗ ಅವರು ಕನ್ನಡಕದ ಮೇಲಿಂದ ನೋಡಿ, ಹೂಂ ಎಂದರು. ಆ ಹೂಂ ಎಂಬುದಕ್ಕೆ ಅರ್ಥ ಹುಡುಕುತ್ತಾ ನಾನು ಒಂದು ವಾರ ಕಳೆದೆ.

ಮೇಷ್ಟ್ರ ಹೆಸರು ಮುನಿರಾಜು. ಗೊಟ್ಟಿಗೆರೆಯ ಹುಡುಗ, ವಯಸ್ಸು ಮೂವತ್ತರ ಒಳಗೆ, ಕೂದಲನ್ನು ಹಿಂದೆ ಜುಟ್ಟು ಕಟ್ಟಿದ್ದ. ಅವರ ತಾತನ ಕಾಲಕ್ಕೆ ಅಲ್ಲಿ ರಾಗಿ ಹೊಲ, ಈಗ ಹೊಲದ ಮೇಲೆ ಮೂರು ಅಂತಸ್ತಿನ ಬಾಡಿಗೆ ಮನೆಗಳು. ತಾತ ಊರ ಭಜನೆ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರಂತೆ. ಅವನು ನನಗೆ ರಾಕ್ ಸಂಗೀತದ ಒಂದು ರಿಫ್ ಹೇಳಿಕೊಡುತ್ತೇನೆಂದ. ರಿಫ್ ಎಂದರೇನೆಂದು ಕೇಳಿದೆ. ಸಣ್ಣದೊಂದು ತುಣುಕು, ಅದನ್ನೇ ಮತ್ತೆ ಮತ್ತೆ ನುಡಿಸುವುದು, ನಿಮ್ಮ ಪಲ್ಲವಿ ಇದ್ದ ಹಾಗೆ ಎಂದು ತಿಳಿಸಿದ. ಹೊಸಬರಿಗೆಂದು ತಾನೇ ಕಟ್ಟಿದ ತುಣುಕು ಅದು, ಬರೇ ಎಂಟು ಏಟು. ಕಾಗದದ ಮೇಲೆ ತಂತಿ ನಂಬರು, ಗಿಟಾರಿನ ಕತ್ತಿನ ಮೇಲೆ ಬೆರಳಿಡುವ ಮನೆಯ ನಂಬರು ಬರೆದುಕೊಟ್ಟ. ನನಗೆ ಆ ನಂಬರುಗಳು ಹತ್ತಲಿಲ್ಲ. ಮನೆಗೆ ಬಂದು ಅತ್ತೆಯ ಹಳೆಯ ಪಾಠದ ಪುಸ್ತಕದ ಹಿಂದಿನ ಪುಟದಲ್ಲಿ ನನಗೆ ತಿಳಿಯುವ ಹಾಗೆ ಬರೆದುಕೊಂಡೆ: ಸ ಸ ಗ ಸ, ಮ ಗ ನಿ ಸ.

ಎಂಟು ಏಟು ಎಂದರೆ ಎಂಟು ದಿನ ಎಂದುಕೊಂಡಿದ್ದೆ. ಮೂರು ತಿಂಗಳಾಯಿತು. ಮೊದಲ ತಿಂಗಳು ಸದ್ದೇ ಬರಲಿಲ್ಲ, ಬಾಣಲೆಗೆ ಸೌಟು ತಾಗಿದಂತೆ ಟಕ್ ಟಕ್ ಎನ್ನುತ್ತಿತ್ತು. ಬೆರಳು ಉರಿದು, ಸಾರಿಗೆ ಕೈ ಹಾಕಿದರೆ ಪ್ರಾಣ ಹೋಗುತ್ತಿತ್ತು. ಎರಡನೆಯ ತಿಂಗಳು ಸದ್ದು ಬಂತು, ಆದರೆ ಪ್ರತಿಯೊಂದು ಸ್ವರವನ್ನೂ ನನಗೆ ತಿಳಿಯದೆ ಅಲ್ಲಾಡಿಸುತ್ತಿದ್ದೆ. ಮೂವತ್ತೊಂದು ವರ್ಷ ಗಮಕ ಕೇಳಿದ ಕಿವಿ, ಬೋಳು ಸ್ವರವನ್ನು ಬೋಳಾಗಿ ಬಿಡಲು ಮನಸ್ಸು ಬರುತ್ತಿರಲಿಲ್ಲ. ಮುನಿರಾಜು ತಲೆ ಕೆರೆದುಕೊಂಡು, "ಮೇಡಂ, ಇದು ನೆಟ್ಟಗೆ ನಿಂತ್ಕೋಬೇಕು. ನೀವು ತೊಟ್ಟಿಲಿಗೆ ಹಾಕಿ ತೂಗ್ತಾ ಇದೀರ" ಎಂದ. ಹಾಡುತ್ತಾ ಹಾಡುತ್ತಾ ರಾಗ, ನರಳುತ್ತಾ ನರಳುತ್ತಾ ರೋಗ ಎನ್ನುತ್ತಾರಲ್ಲ, ನನ್ನದು ಎರಡೂ ಒಟ್ಟಿಗೇ ನಡೆದಿತ್ತು.

ಕ್ಲಾಸಿನಲ್ಲಿ ನಾನು ಅಲ್ಲಿದ್ದ ಗಿಟಾರನ್ನೇ ನುಡಿಸುತ್ತಿದ್ದೆ. ನನ್ನದನ್ನು ಬೆನ್ನಿಗೆ ಹಾಕಿಕೊಂಡು ಜಯನಗರದ ಬೀದಿಯಲ್ಲಿ ನಡೆಯುವ ಧೈರ್ಯವಿರಲಿಲ್ಲ. ನನ್ನದು ಮನೆಯಲ್ಲೇ ಇತ್ತು, ಅದರ ತಂತಿಗಳು ಎರಡು ದಿನಕ್ಕೊಮ್ಮೆ ಸಡಿಲಗೊಳ್ಳುತ್ತಿದ್ದವು. ಏನು ಮಾಡಲಿ ಎಂದು ಕೇಳಿದ್ದಕ್ಕೆ ಮುನಿರಾಜು, ನಿಮ್ಮ ಮನೆಯಲ್ಲಿ ಶ್ರುತಿ ಪೆಟ್ಟಿಗೆ ಇದೆಯಲ್ಲ, ಎಷ್ಟು ಮನೆ ಎಂದ. ಐದು ಎಂದೆ, ಸ್ವಲ್ಪ ಹೆಮ್ಮೆಯಿಂದಲೇ. ಹಾಗಾದರೆ ಅದರ ಷಡ್ಜವೇ ನಮ್ಮ ಮೂರನೆಯ ತಂತಿ, ಅದನ್ನು ಕೂಡಿಸಿಕೊಂಡು ಉಳಿದ ಐದನ್ನು ಅದರಿಂದ ಹೊಂದಿಸಿಕೊಳ್ಳಿ ಎಂದು ದಾರಿ ತೋರಿಸಿದ. ಅಂದಿನಿಂದ ದಿನಾ ಬೆಳಿಗ್ಗೆ ಅತ್ತೆಯ ಕೋಣೆಯ ಹೊರಗೆ, ನಡುಮನೆಯ ಓಣಿಯಲ್ಲಿ ಮಣೆ ಹಾಕಿಕೊಂಡು ಕೂರುವುದು, ಅರ್ಧ ಮುಚ್ಚಿದ ಬಾಗಿಲಿನಿಂದ ಬರುವ ಶ್ರುತಿಗೆ ಕಿವಿಯಿಟ್ಟು ಮೂರನೆಯ ತಂತಿಯ ಬಿರಡೆ ತಿರುಗಿಸುವುದು. ಎರಡು ಸದ್ದು ಹತ್ತಿರ ಬಂದಾಗ ಮೊದಲು ಜಗಳವಾಡುತ್ತವೆ, ಆಮೇಲೆ ನಡುಗುತ್ತವೆ, ಆಮೇಲೆ ಸುಮ್ಮನಾಗಿ ಒಂದಾಗುತ್ತವೆ. ಆ ಒಂದಾಗುವ ಗಳಿಗೆಗೆ ನಾನು ಕಾಯುತ್ತಿದ್ದೆ. ನಿಜ ಹೇಳಬೇಕೆಂದರೆ ರಿಫ್‌ಗಿಂತ ಅದೇ ನನಗೆ ಹೆಚ್ಚು ಇಷ್ಟವಾಗಿತ್ತು.

ಇದೇ ಸಮಯದಲ್ಲಿ ಅತ್ತೆಗೆ ಮರೆವು ಶುರುವಾಯಿತೆಂದು ನಾನು ಅಂದುಕೊಂಡೆ. ಮೊದಲೆಲ್ಲ ಅರ್ಧ ಗಂಟೆ ಹಾಡಿಕೊಂಡು ಪೆಟ್ಟಿಗೆ ಆರಿಸುತ್ತಿದ್ದವರು ಈಗ ಊಟದ ಹೊತ್ತಾದರೂ ಆರಿಸುತ್ತಿರಲಿಲ್ಲ. ಪೆಟ್ಟಿಗೆ ತನ್ನಷ್ಟಕ್ಕೆ ಗುಂಯ್ ಎನ್ನುತ್ತಿರುತ್ತಿತ್ತು, ಅವರು ಪತ್ರಿಕೆ ಓದುತ್ತಿರುತ್ತಿದ್ದರು. ಸುಮ್ಮನೆ ಕರೆಂಟು ದಂಡ ಎಂದು ನಾನೇ ಒಳಗೆ ಹೋಗಿ ಆರಿಸಿ ಬರುತ್ತಿದ್ದೆ. ಯಜಮಾನರ ಹತ್ತಿರ, ಅಮ್ಮನನ್ನು ಡಾಕ್ಟರಿಗೆ ತೋರಿಸೋಣವೇ ಎಂದೂ ಕೇಳಿದ್ದೆ.

ಮೂರು ತಿಂಗಳ ಕೊನೆಗೆ ಒಂದು ಭಾನುವಾರ, ಕ್ಲಾಸಿನವರೆಲ್ಲ ಸೇರಿ ನುಡಿಸುವುದೆಂದಾಯಿತು. ದೊಡ್ಡ ಸಮಾರಂಭವೇನಲ್ಲ. ಹಾರ್ಡ್‌ವೇರ್ ಅಂಗಡಿಯ ತಾರಸಿಯ ಮೇಲೆ ಹನ್ನೆರಡು ಜನ ಸಾಲಾಗಿ ಕೂತು ಆ ಎಂಟು ಏಟನ್ನು ಹದಿನಾರು ಸುತ್ತು ನುಡಿಸುವುದು, ಎದುರಿಗೆ ಮನೆಮಂದಿಗೆ ಪ್ಲಾಸ್ಟಿಕ್ ಕುರ್ಚಿ. ಎಲ್ಲರೂ ಅವರವರ ಗಿಟಾರನ್ನೇ ತರಬೇಕು. ನಾನು ಬೆಳಿಗ್ಗೆಯೇ ಅತ್ತೆಯ ಪೆಟ್ಟಿಗೆಗೆ ಕೂಡಿಸಿಕೊಂಡು, ಕರಿ ಚೀಲದಲ್ಲಿ ಗಿಟಾರು ಹಾಕಿ ಬೆನ್ನಿಗೇರಿಸಿದೆ. ಮೂಲೆಯ ಸೊಪ್ಪಿನ ಅಕ್ಕ ವೀಣೆಯಾ ಎಂದು ಕೇಳಿದಳು. ಹೂಂ ಎಂದುಬಿಟ್ಟೆ. ಯಜಮಾನರಿಗೆ ಬರಬೇಡಿ ಎಂದು ಹೇಳಿದ್ದೆ. ಅತ್ತೆಯನ್ನು ಕರೆಯಲೇ ಇಲ್ಲ. ಮೂವತ್ತೊಂದು ವರ್ಷ ಕೇಳುವವಳಾಗಿದ್ದೇನೆ. ಅವರ ಬಾಯಲ್ಲಿ 'ಸಾಕು' ಎಂಬ ಮಾತನ್ನು ನನ್ನ ಬಗ್ಗೆ ಕೇಳುವ ಶಕ್ತಿ ನನಗಿರಲಿಲ್ಲ.

ನನ್ನ ಒಂದು ಪಕ್ಕದಲ್ಲಿ ಜೆ.ಪಿ. ನಗರದ ಹಲ್ಲಿನ ಡಾಕ್ಟರಮ್ಮ, ಇನ್ನೊಂದು ಪಕ್ಕದಲ್ಲಿ ಅಂಗಡಿಯ ಯಜಮಾನರೇ ಕೂತಿದ್ದರು. ಕಾರ್ಯಕ್ರಮಕ್ಕೆ ಮುಂಚೆ ಒಂದು ಸಲ ನೋಡೋಣ ಎಂದು ಮುನಿರಾಜು ಚಿಟಿಕೆ ಹೊಡೆದು ಎಣಿಸಿದ. ನುಡಿಸಿದೆವು. ಎರಡನೆಯ ಸುತ್ತಿಗೇ ಎಲ್ಲೋ ಏನೋ ಹಲ್ಲು ಕಟಕಟಿಸಿದ ಹಾಗಾಯಿತು. ಎಲ್ಲರೂ ಅತ್ತಿತ್ತ ನೋಡಿದರು. ಇನ್ನೊಮ್ಮೆ ನುಡಿಸಿದೆವು, ಮತ್ತೆ ಅದೇ. ಯಾರೆಂದು ಮುನಿರಾಜುಗೆ ತಿಳಿಯಲಿಲ್ಲ. ನನಗೆ ತಿಳಿಯಿತು. ನನ್ನ ಗಿಟಾರು ಎಲ್ಲರಿಗಿಂತ ಕೆಳಗೆ, ಬೇರೆಯೇ ಜಾಗದಲ್ಲಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ಎಲ್ಲರಿಗೂ ಗೊತ್ತು. ನೆಲವನ್ನು ದೂರುವ ಯೋಚನೆಯೂ ನನಗೆ ಬರಲಿಲ್ಲ. ದೊಡ್ಡಮ್ಮ ಹೇಳಿದ್ದು ನಿಜ, ಬಾಯಿಯಲ್ಲಿ ಮಾತ್ರವಲ್ಲ ನನ್ನ ಕೈಯಲ್ಲೂ ಇಲ್ಲ ಎಂದುಕೊಂಡೆ.

ಮೂರನೆಯ ಸಲ ಎಣಿಸಿದಾಗ ನಾನು ತಂತಿಯನ್ನು ಮುಟ್ಟಲೇ ಇಲ್ಲ. ಎಡಗೈ ಬೆರಳುಗಳನ್ನು ಜಾಗ ಬಿಡದೆ ಇಟ್ಟೆ, ಬಲಗೈಯನ್ನು ತಂತಿಯಿಂದ ಒಂದು ಕೂದಲೆಳೆ ಮೇಲೆ ಆಡಿಸಿದೆ, ತಲೆಯನ್ನೂ ಸ್ವಲ್ಪ ತೂಗಿದೆ. ನಲವತ್ತೈದು ವರ್ಷದ ಅಭ್ಯಾಸ, ಕೈಗೆ ತಾನಾಗಿ ಬಂತು. ಹನ್ನೊಂದು ಗಿಟಾರು ಒಂದಾಗಿ ಮೊಳಗಿದವು. ಈಗ ಸಖತ್ತಾಗಿ ಬಂತು ಎಂದು ಎಲ್ಲರೂ ಹೇಳಿದರು. ಮುನಿರಾಜು ಮಾತ್ರ ನನ್ನ ಕೈಯನ್ನೇ ನೋಡುತ್ತಿದ್ದ. ಹತ್ತಿರ ಬಂದು ಮೆಲ್ಲಗೆ, ಮೇಡಂ ನೀವು ನುಡಿಸ್ತಿಲ್ಲ ಎಂದ. ನನಗೆ ಚಿಕ್ಕಂದಿನಿಂದ ಶ್ರುತಿಜ್ಞಾನ ಇಲ್ಲಪ್ಪ, ನಾನು ಹೀಗೇ ಕೈ ಆಡಿಸುತ್ತಾ ಕೂತಿರುತ್ತೇನೆ, ನಿನ್ನ ಕಾರ್ಯಕ್ರಮ ಕೆಡಬಾರದು ಎಂದೆ. ಆ ವಯಸ್ಸಿನ ಹುಡುಗನೆದುರು ಅಳುವುದೊಂದು ಬಾಕಿಯಿತ್ತು.

ಅವನು ಗಿಟಾರು ಇಸಿದುಕೊಂಡು ಒಂದೊಂದೇ ತಂತಿ ಮೀಟಿದ. ಮತ್ತೆ ಮೀಟಿದ. ತನ್ನ ಫೋನನ್ನು ಹತ್ತಿರ ಹಿಡಿದು ಅದರಲ್ಲೇನೋ ನೋಡಿದ. ಯಾರು ಕೂಡಿಸಿದ್ದು ಎಂದು ಕೇಳಿದ. ನಾನೇ ಎಂದೆ. ಯಾವ ಆಪಿನಲ್ಲಿ ಎಂದ. ಇದಕ್ಕೂ ಆಪ್ ಇದೆಯೇ ಎಂದು ನಾನು ಕೇಳಿದ್ದಕ್ಕೆ ಡಾಕ್ಟರಮ್ಮ ನಕ್ಕರು. ಅಲ್ಲಿದ್ದ ಹನ್ನೊಂದು ಜನರೂ ಫೋನು ನೋಡಿಕೊಂಡೇ ತಂತಿ ಬಿಗಿಯುವವರು; ನಾನೊಬ್ಬಳೇ ಮಣೆ ಹಾಕಿಕೊಂಡು ಅರ್ಧ ಗಂಟೆ ಕಿವಿಗೊಡುತ್ತಿದ್ದವಳು.

"ಕಿವೀಲೇ ಕೂಡ್ಸಿದ್ರಾ ಮೇಡಂ?" ಎಂದ ಮುನಿರಾಜು. "ಆರೂ ತಂತಿ ಕರೆಕ್ಟಾಗಿ ಅರ್ಧ ಮನೆ ಕೆಳಗಿದೆ. ಒಂದು ಕೂದಲು ಆಕಡೆ ಈಕಡೆ ಇಲ್ಲ. ನನ್ ಕೈಲೇ ಆಗಲ್ಲ ಇದು. ನಿಮ್ ಕಿವಿ ಸರಿಯಾಗೇ ಇದೆ ಮೇಡಂ, ನಿಮ್ ಮನೆ ಪೆಟ್ಟಿಗೆ ನಾಲ್ಕೂವರೇಲಿದೆ, ಅಷ್ಟೇ."

ಅಷ್ಟೇ, ಎಂದ. ನಲವತ್ತೈದು ವರ್ಷದ ಒಂದು ಮಾತನ್ನು ಅಷ್ಟೇ ಎಂದು ತೆಗೆದು ಪಕ್ಕಕ್ಕಿಟ್ಟ. ಆಮೇಲೆ ಆರೂ ತಂತಿಯನ್ನು ಅರ್ಧ ಮನೆ ಏರಿಸಿಕೊಟ್ಟ. ಹದಿನಾರು ಸುತ್ತು ನುಡಿಸಿದೆವು. ಒಂಬತ್ತನೆಯ ಸುತ್ತಿನಲ್ಲಿ ನಾನೊಂದು ಏಟು ತಪ್ಪಿದೆ, ಅದು ಕೆಳಗಿನ ಸಿಗ್ನಲಿನ ಹಾರನ್ನಿನಲ್ಲಿ ಮುಚ್ಚಿಹೋಯಿತು. ಕೊನೆಯ ಏಟಿಗೆ ಪ್ಲಾಸ್ಟಿಕ್ ಕುರ್ಚಿಯವರೆಲ್ಲ ಚಪ್ಪಾಳೆ ತಟ್ಟಿದರು. ಕಾರ್ಯಕ್ರಮ ಮುಗಿದ ಮೇಲೆ ಎಲ್ಲರಿಗೂ ಖಾರಾಬಾತು ಇತ್ತು, ನಾನು ಎರಡು ಸಲ ಹಾಕಿಸಿಕೊಂಡೆ.

ಆಟೋದಲ್ಲಿ ಗಿಟಾರನ್ನು ಮಡಿಲಲ್ಲಿ ಇಟ್ಟುಕೊಂಡು ಬರುವಾಗ, ಆ ಖುಷಿಯ ನಡುವೆ, ಇನ್ನೊಂದು ವಿಷಯ ನಿಧಾನಕ್ಕೆ ಹೊಳೆಯಿತು. ಪೆಟ್ಟಿಗೆ ನಾಲ್ಕೂವರೆಯಲ್ಲಿದೆ. ಪೆಟ್ಟಿಗೆಯ ತಿರುಪನ್ನು ನಮ್ಮ ಮನೆಯಲ್ಲಿ ಅತ್ತೆಯಲ್ಲದೆ ಬೇರೆ ಯಾರೂ ಮುಟ್ಟುವುದಿಲ್ಲ. ಅಂದರೆ ಅತ್ತೆ ಶ್ರುತಿ ಇಳಿಸಿದ್ದಾರೆ; ಯಾರಿಗೂ ಹೇಳದೆ, ಬಾಗಿಲು ಅರ್ಧ ಮುಚ್ಚಿಕೊಂಡು ಇಳಿಸಿದ್ದಾರೆ. ಆ ಬಾಗಿಲು ಯಾಕೆ ಅರ್ಧ ಮುಚ್ಚಿರುತ್ತಿತ್ತೆಂದು ನನಗೆ ಆಗ ಅರ್ಥವಾಯಿತು, ಅವರ ಮೇಲೆ ಬಹಳ ಅಕ್ಕರೆ ಬಂತು. ಮನೆ ತಲುಪುವ ಹೊತ್ತಿಗೆ ನಾನೊಂದು ತೀರ್ಮಾನ ಮಾಡಿದ್ದೆ. ಇದನ್ನು ಅವರಿಗೂ ಹೇಳಬಾರದು, ಯಜಮಾನರಿಗೂ ಹೇಳಬಾರದು. ನನ್ನ ಗಿಟಾರನ್ನೇ ಮನೆಯಲ್ಲಿ ಅರ್ಧ ಮನೆ ಇಳಿಸಿಕೊಂಡರಾಯಿತು, ಯಾರ ಗಂಟು ಏನು ಹೋಗುತ್ತದೆ.

ಯಜಮಾನರು ಪಾರ್ಕಿಗೆ ಹೋಗಿದ್ದರು. ಸಂಜೆಯ ಕಾಫಿಯ ಹೊತ್ತು. ಅತ್ತೆಯ ಕೋಣೆಯಲ್ಲಿ ಪೆಟ್ಟಿಗೆ ಸದ್ದು ಮಾಡುತ್ತಿತ್ತು. ಸಂಜೆ ಯಾವತ್ತೂ ಹಾಕುವವರಲ್ಲ. ನಾನು ಓಣಿಯಲ್ಲಿ ಮಣೆ ಹಾಕಿಕೊಂಡು ಕೂತು ಮೂರನೆಯ ತಂತಿ ಮೀಟಿದೆ. ಶ್ರುತಿಗೂ ಅದಕ್ಕೂ ಕೂಡಲೇ ಜಗಳವಾಯಿತು. ಬಿರಡೆ ಹಿಡಿದು ಮೆಲ್ಲಗೆ ಇಳಿಸತೊಡಗಿದೆ.

"ಯಾಕೆ ವಿಜಯಾ, ಇಳಿಸ್ತಿದೀಯ?" ಎಂದು ಒಳಗಿನಿಂದ ಅತ್ತೆಯ ದನಿ ಬಂತು.

ತಂತಿ ತುಂಬ ಬಿಗಿಯಾಗಿತ್ತು ಅತ್ತೆ, ಎಂದೆ.

"ಬಿಗಿಯಾಗಿರ್ಲಿಲ್ಲ. ಐದಕ್ಕಿತ್ತು."

ನಾನು ಬಿರಡೆಯಿಂದ ಕೈ ತೆಗೆದೆ. ಅತ್ತೆ ಎದ್ದು ಬಂದು ಬಾಗಿಲನ್ನು ಪೂರ್ತಿ ತೆರೆದರು. ಗೋಡೆ ಹಿಡಿದು ನಿಂತುಕೊಂಡು, ನನ್ನ ಮುಖ ನೋಡದೆ, ಗಿಟಾರನ್ನು ನೋಡುತ್ತಾ ಹೇಳಿದರು.

"ನಾನು ನಾಲ್ಕೂವರೆಗೆ ಇಳಿದು ಎರಡು ವರ್ಷ ಆಯ್ತು. ಈ ಮನೇಲಿ ಒಬ್ಬರಿಗೂ ಕೇಳಿಸ್ಲಿಲ್ಲ. ಹಳೇ ಶಿಷ್ಯೆಯರು ಬಂದು ಪಕ್ಕದಲ್ಲೇ ಕೂತು ಕೇಳಿದ್ರು, ಅವರಿಗೂ ಗೊತ್ತಾಗ್ಲಿಲ್ಲ. ನಿನ್ನ ತಂತಿ ಮಾತ್ರ ಮೊದಲನೇ ದಿನಾನೇ ಬಂದು ನನ್ನ ಪಕ್ಕ ಸರಿಯಾಗಿ ಕೂತ್ಕೊಳ್ತು."

ಹಾಗಾದರೆ ಊಟದ ಹೊತ್ತಿನವರೆಗೂ ಪೆಟ್ಟಿಗೆ ಹಾಕಿಡುತ್ತಿದ್ದದ್ದು ಎಂದು ನಾನು ಶುರು ಮಾಡಿದೆ. ನಿನಗೇ ಹಾಕಿಡುತ್ತಿದ್ದೆ, ನೀನೇ ಬಂದು ಬಂದು ಆರಿಸುತ್ತಿದ್ದೆಯಲ್ಲ ಎಂದರು ಅತ್ತೆ. ಮರೆವು ಯಾರಿಗೆ, ಡಾಕ್ಟರಿಗೆ ಯಾರನ್ನು ತೋರಿಸಬೇಕಾಗಿತ್ತು ಎಂದು ನೆನೆದು ನನಗೆ ನಾಚಿಕೆಯಾಯಿತು.

ಒಳಗೆ ಬಾ ಎಂದರು. ಶಿಷ್ಯೆಯರು ಕೂರುತ್ತಿದ್ದ ಚಾಪೆ ಹಾಸಿಯೇ ಇತ್ತು. ಮೂವತ್ತೊಂದು ವರ್ಷದಲ್ಲಿ ಆ ಚಾಪೆಯನ್ನು ಸಾವಿರ ಸಲ ಕೊಡವಿದ್ದೇನೆ, ಅದರ ಮೇಲೆ ಕೂತಿರಲಿಲ್ಲ. ಅತ್ತೆ ಪೆಟ್ಟಿಗೆಯ ತಿರುಪಿನ ಮೇಲೆ ಕೈಯಿಟ್ಟು, ಐದಕ್ಕೆ ಏರಿಸಲೇ ಎಂದು ಕೇಳಿದರು. ಬೇಡ, ನಾನೇ ಇಳಿಯುತ್ತೇನೆ ಎಂದೆ. ಆರು ತಂತಿಯನ್ನೂ ಒಂದೊಂದಾಗಿ ಇಳಿಸಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ನಾಲ್ಕನೆಯದಕ್ಕೆ ಬೆರಳೆತ್ತಿ ಇನ್ನೂ ಒಂಚೂರು ಎಂದು ಸನ್ನೆ ಮಾಡಿದರು. ಅವರು ಬೆರಳೆತ್ತುವ ಮುಂಚೆಯೇ ನನಗೂ ಅದು ಗೊತ್ತಾಗಿತ್ತು.

ನುಡಿಸಿದೆ. ಸ ಸ ಗ ಸ, ಮ ಗ ನಿ ಸ. ರಾಕ್ ಸಂಗೀತವನ್ನು ನಾಲ್ಕೂವರೆ ಮನೆ ಶ್ರುತಿಯಲ್ಲಿ, ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು. ಎರಡನೆಯ ಸುತ್ತಿಗೆ ಅತ್ತೆಯ ಕೈ ತೊಡೆಯ ಮೇಲೆ ತಾಳ ಹಿಡಿಯಿತು. ಮೂರನೆಯ ಸುತ್ತಿಗೆ ಸ್ವರ ಹಾಡಿಕೊಂಡು ಜೊತೆಗೆ ಬಂದರು. ಒಂದು ಕಾಲಕ್ಕೆ ಇಡೀ ಬೀದಿಗೆ ಕೇಳುತ್ತಿದ್ದ ದನಿ, ಈಗ ಪೆಟ್ಟಿಗೆಯ ಸದ್ದಿಗಿಂತ ಸ್ವಲ್ಪವೇ ಜೋರು. ನಾಲ್ಕನೆಯ ಸುತ್ತಿನಲ್ಲಿ, ಮಧ್ಯಮಕ್ಕೆ ಏರುವ ಜಾಗದಲ್ಲಿ, ಅದು ಒಡೆದು ನಿಂತುಹೋಯಿತು. ಅತ್ತೆ ಬಾಯಿ ತೆರೆದಿದ್ದರು, ಸದ್ದಿರಲಿಲ್ಲ.

ನಾನು ಅಷ್ಟು ಹೊತ್ತೂ ಹಳೆಯ ಚಾಳಿಯಂತೆ ಅವರ ಜೊತೆ ಬಾಯಿ ಆಡಿಸುತ್ತಿದ್ದೆ. ಆ ಜಾಗ ಖಾಲಿ ಬಿಟ್ಟರೆ ಸುತ್ತು ಕೆಡುತ್ತದೆ ಎನ್ನುವುದೊಂದೇ ತಲೆಯಲ್ಲಿತ್ತು. ಮ ಗ ನಿ ಸ ಎಂದು ಹಾಡಿದ ಸದ್ದು ಕೋಣೆಯಲ್ಲಿ ಕೇಳಿಸಿತು. ದಪ್ಪ ದನಿ, ಒರಟು, ನನಗೇ ಪರಿಚಯವಿಲ್ಲದ್ದು. ಅದು ನನ್ನದೆಂದು ತಿಳಿದಾಗ ಕೈ ನಿಂತಿತು. ತಲೆ ತಗ್ಗಿಸಿಕೊಂಡು, ಅತ್ತೆ ಆ ಎರಡು ಮಾತಿನಲ್ಲಿ ಯಾವುದನ್ನು ಹೇಳುತ್ತಾರೋ ಎಂದು ಕಾದೆ. ಈ ಸಲ ಊಹಿಸಲು ನನ್ನಿಂದ ಆಗಲಿಲ್ಲ. ಪೆಟ್ಟಿಗೆ ತನ್ನಷ್ಟಕ್ಕೆ ಗುಂಯ್ ಎನ್ನುತ್ತಿತ್ತು.

"ಇನ್ನೊಂದ್ಸಲ" ಎಂದರು ಅತ್ತೆ.